ಕಂಬಕ್ಕೆ ಸೋಲಾರ್ ಪ್ಯಾನೆಲ್ ಕಟ್ಟೋಕೆ ಮುಂಚೆ ಬೀದಿಯವರನ್ನ ಒಂದು ಮಾತು ಕೇಳಿ: ವಿದ್ಯುತ್ ಕಂಪನಿಗಳಿಗೂ ಬೀದಿಯವರಿಗೂ ಬಹಿರಂಗ ಪತ್ರ

ವಿದ್ಯುತ್ ವಿತರಣಾ ಕಂಪನಿಗಳ ಅಧಿಕಾರಿಗಳಿಗೆ, ದರ ನಿಗದಿ ಮಾಡೋ ಆಯೋಗದವರಿಗೆ, ಜೊತೆಗೆ ಕರೆಂಟ್ ಕಂಬದ ಎದುರಿಗೇ ಮನೆ ಇರೋ ಎಲ್ಲರಿಗೂ ನಮಸ್ಕಾರ.

ಬೀದಿ ಕಂಬಗಳಿಗೆ ಸೋಲಾರ್ ಪ್ಯಾನೆಲ್ ಕಟ್ಟೋ ವಿಚಾರ ಬಂದಾಗೆಲ್ಲ ಎರಡೇ ಥರದ ಮಾತು ಕೇಳಿಸುತ್ತೆ, ಒಂದು ಕಡೆಯವರು ಕಂಬ ಹೇಗೂ ನಿಂತಿದೆ, ತಂತಿ ಹೇಗೂ ಪಕ್ಕದಲ್ಲೇ ಇದೆ, ಜಮೀನು ಕೊಳ್ಳೋದು ಬೇಡ, ಯಾರ ಹೊಲವೂ ಹೋಗಲ್ಲ, ಸುಮ್ಮನೆ ಹಾಕಿಬಿಡಿ ಅಂತಾರೆ, ಇನ್ನೊಂದು ಕಡೆಯವರು ನಮ್ಮ ಬೀದಿಯ ಅಂದ ಕೆಡುತ್ತೆ, ಕಿಟಕಿ ತೆಗೆದ್ರೆ ಅದೇ ಕಾಣುತ್ತೆ, ನಮ್ಮ ಮನೆ ಮುಂದೆ ಮಾತ್ರ ಬೇಡ ಅಂತಾರೆ. ನನ್ನ ಮನಸ್ಸು ಮೊದಲನೇ ಕಡೆಗೇ ವಾಲುತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬಿಸಿಲು ಬೀಳೋ ಕಂಬ ಖಾಲಿ ನಿಂತಿದ್ರೆ ಅಲ್ಲೊಂದು ಪ್ಯಾನೆಲ್ ಇದ್ದಿದ್ರೆ ಅನ್ಸುತ್ತೆ ನಂಗೆ. ಆದ್ರೆ "ಸುಮ್ಮನೆ ಹಾಕಿಬಿಡಿ" ಅನ್ನೋ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ, ಈ ಪತ್ರ ಬರೀತಿರೋದೇ ಅದಕ್ಕೆ. ಕಂಬ ಕಂಪನಿದೇ ಇರಬಹುದು, ಕಾಗದದ ಮೇಲೆ ಅದಕ್ಕೆ ಯಾರ ಅನುಮತಿಯೂ ಬೇಡದೇ ಇರಬಹುದು, ಆದ್ರೆ ಅದು ನಿಂತಿರೋದು ಜನ ಓಡಾಡೋ ಬೀದಿಯಲ್ಲಿ, ಮುಂದಿನ 25 ವರ್ಷ ಅದನ್ನ ದಿನಾ ನೋಡೋರು ಆ ಬೀದಿಯವರು, ಖರ್ಚು ಕೊನೆಗೆ ಬಿಲ್‌ನಲ್ಲಿ ಕಟ್ಟೋರೂ ಅವರೇ. ಕೇಳಿ ಹಾಕಿ, ಹಾಕಿದ ಮೇಲೆ ಲೆಕ್ಕ ತೋರಿಸಿ, ಇಷ್ಟೇ ನನ್ನ ಬೇಡಿಕೆ.

ಇದೇನೋ ಹೊಸ ಪ್ರಯೋಗ ಅಂದ್ಕೊಂಡಿರೋರಿಗೆ ಒಂದು ವಿಷಯ ಹೇಳಬೇಕು. ಸಿಲಿಕಾನ್ ಸೋಲಾರ್ ಸೆಲ್ಲನ್ನ, ಅಂದ್ರೆ ಪ್ಯಾನೆಲ್ ಒಳಗೆ ಬಿಸಿಲನ್ನ ಕರೆಂಟ್ ಮಾಡೋ ಬಿಲ್ಲೆಯನ್ನ, ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯವರು ಜಗತ್ತಿಗೆ ತೋರಿಸಿದ್ದು 1954ರಲ್ಲಿ, ಮರುವರ್ಷ 1955ರ ಅಕ್ಟೋಬರ್‌ನಲ್ಲಿ ಅದನ್ನ ಲ್ಯಾಬಿಂದ ಆಚೆ ತಂದು ಕೆಲಸಕ್ಕೆ ಹಚ್ಚಿದ್ದು ಎಲ್ಲಿ ಅಂದ್ರೆ ಜಾರ್ಜಿಯಾ ರಾಜ್ಯದ ಅಮೆರಿಕಸ್ ಅನ್ನೋ ಊರಿನ ಹತ್ತಿರ, ಒಂದು ಟೆಲಿಫೋನ್ ಕಂಬದ ತುದಿಯಲ್ಲಿ, ಹಳ್ಳಿ ಕಡೆಯ ಫೋನ್ ಲೈನಿಗೆ ಕರೆಂಟ್ ಕೊಡೋಕೆ. ಅಂದ್ರೆ ಸೋಲಾರ್ ಪ್ಯಾನೆಲ್ ಮನೆ ಚಾವಣಿ ಹತ್ತೋಕೆ ಎಷ್ಟೋ ಮುಂಚೆ ಕಂಬ ಹತ್ತಿತ್ತು. ಆಗಿನ ಸೆಲ್ ಬಿಸಿಲಿನ ನೂರು ಪಾಲಲ್ಲಿ ಸುಮಾರು 6 ಪಾಲನ್ನ ಮಾತ್ರ ಕರೆಂಟ್ ಮಾಡ್ತಿತ್ತು, ಕೆಲಸ ಮಾಡ್ತು, ಆದ್ರೆ ದುಬಾರಿ ಆಯ್ತು ಅಂತ ಅದನ್ನ ಮುಂದುವರಿಸಲಿಲ್ಲ. ಈಗ ಅಂಗಡಿಯಲ್ಲಿ ಸಿಗೋ ಪ್ಯಾನೆಲ್ಲೇ 20ರ ಮೇಲೆ ಕೊಡುತ್ತೆ.

ದೊಡ್ಡ ಮಟ್ಟದಲ್ಲಿ ಇದನ್ನ ಮಾಡಿ ನೋಡಿದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯ. ಅಲ್ಲಿನ ದೊಡ್ಡ ವಿದ್ಯುತ್ ಕಂಪನಿ ಪಿಎಸ್‌ಇ ಅಂಡ್ ಜಿ 2009ರಲ್ಲಿ ರಾಜ್ಯದ ನಿಯಂತ್ರಣ ಮಂಡಳಿಯ ಒಪ್ಪಿಗೆ ತಗೊಂಡು 'ಸೋಲಾರ್ ಫಾರ್ ಆಲ್' ಅನ್ನೋ ಯೋಜನೆ ಶುರು ಮಾಡ್ತು, ಒಟ್ಟು 80 ಮೆಗಾವ್ಯಾಟ್, ಬಜೆಟ್ 51.5 ಕೋಟಿ ಡಾಲರ್, ಅದರಲ್ಲಿ ಅರ್ಧ ಅಂದ್ರೆ 40 ಮೆಗಾವ್ಯಾಟ್ ಬರೀ ಕಂಬಗಳ ಮೇಲೆ, ಗುರಿ 2 ಲಕ್ಷ ಕಂಬ, ಒಂದೊಂದು ಕಂಬಕ್ಕೆ ಒಂದೊಂದೇ ಪ್ಯಾನೆಲ್, ಪ್ಯಾನೆಲ್ ಹಿಂದೆ ಒಂದು ಪುಟ್ಟ ಇನ್ವರ್ಟರ್ (ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಪ್ಯಾನೆಲ್‌ನ ಡಿಸಿ ಕರೆಂಟನ್ನ ಬೀದಿ ಲೈನಿಗೆ ಹೊಂದೋ ಎಸಿ ಕರೆಂಟ್ ಮಾಡೋ ಪೆಟ್ಟಿಗೆ). ಪೆಟ್ರಾ ಸೋಲಾರ್ ಅನ್ನೋ ಅಲ್ಲಿನದೇ ಕಂಪನಿ ಅದನ್ನ ತಯಾರಿಸಿ ಕೊಡ್ತು. ಕೊನೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಂಬಗಳಿಗೆ ಪ್ಯಾನೆಲ್ ಬಂತು. ತಾಂತ್ರಿಕವಾಗಿ ಇದು ಸಣ್ಣ ಸಾಧನೆ ಅಲ್ಲ, ಅಷ್ಟು ಚದುರಿದ ಪ್ಯಾನೆಲ್‌ಗಳನ್ನ ಗ್ರಿಡ್‌ಗೆ, ಅಂದ್ರೆ ಕಂಪನಿಯ ವಿದ್ಯುತ್ ಜಾಲಕ್ಕೆ ಸೇರಿಸಿ, ಪ್ರತಿಯೊಂದರಿಂದ ಮಾಹಿತಿ ವಾಪಸ್ ತರಿಸ್ಕೊಂಡು ನಡೆಸೋದು ಅಂದ್ರೆ ಹುಡುಗಾಟ ಅಲ್ಲ.

ಆದ್ರೆ 2011ರ ಹೊತ್ತಿಗೆ ಅದೇ ರಾಜ್ಯದ ಬರ್ಗೆನ್ ಕೌಂಟಿ ಅನ್ನೋ ಜಿಲ್ಲೆಯ ಕೆಲವು ಊರುಗಳಲ್ಲಿ ಜನ ಸಿಟ್ಟಾದ್ರು. ಅವರ ಸಿಟ್ಟು ಒಂದೇ ಥರದ್ದಲ್ಲ, ಕೆಲವರಿಗೆ ನೋಡೋಕೆ ಚೆನ್ನಾಗಿಲ್ಲ ಅನ್ನೋದೇ ದೊಡ್ಡದು, ಕೆಲವರಿಗೆ ಮನೆ ಬೆಲೆ ಬೀಳುತ್ತೆ ಅನ್ನೋ ಭಯ, ಆದ್ರೆ ಅದರ ಅಡಿಯಲ್ಲಿ ಇದ್ದ ನೋವು ಏನಂದ್ರೆ ಯಾರೂ ನಮಗೆ ಹೇಳಲಿಲ್ಲ, ನಮ್ಮನ್ನ ಕೇಳಲಿಲ್ಲ, ಕಂಬದ ಮೇಲೆ ಬಂದು ಕೂತಮೇಲೇ ನಮಗೆ ಗೊತ್ತಾಗಿದ್ದು ಅನ್ನೋದು. ಸೋಲಾರ್ ಬೇಕು ಅನ್ನೋ ಜನವೂ ಈ ಗುಂಪಲ್ಲಿ ಸೇರ್ಕೊಂಡ್ರು ಅನ್ನೋದನ್ನ ಅಧಿಕಾರಿಗಳು ದಯವಿಟ್ಟು ಗಮನಿಸಬೇಕು. ಒಂದು ಒಳ್ಳೇ ಕೆಲಸಕ್ಕೆ ಅದರ ಸ್ನೇಹಿತರನ್ನೇ ಎದುರು ಹಾಕ್ಕೊಳ್ಳೋ ಹಾಗೆ ಮಾಡಿದ್ದು ಪ್ಯಾನೆಲ್ ಅಲ್ಲ, ಹಾಕಿದ ರೀತಿ.

ಈಗ ಒಂದು ಪ್ಯಾನೆಲ್ ಎಷ್ಟು ಕರೆಂಟ್ ಕೊಡುತ್ತೆ ಅನ್ನೋ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಕಂಪನಿಗಳ ಕರಪತ್ರದಲ್ಲಿ ಮೆಗಾವ್ಯಾಟ್ ಅಂತ ಬರೆದ್ರೆ ಜನಕ್ಕೆ ಏನೂ ಅರ್ಥ ಆಗಲ್ಲ. 200 ವ್ಯಾಟ್‌ನ ಪ್ಯಾನೆಲ್ ಅಂದ್ಕೊಳ್ಳಿ. ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ತಿ ಬಿಸಿಲಿಗೆ ಸಮ ಆಗೋಷ್ಟು ಬೆಳಕು ಬಿದ್ರೆ 900 ವ್ಯಾಟ್ ಅವರ್, ಅದರಲ್ಲಿ ಬಿಸಿ, ಧೂಳು, ಇನ್ವರ್ಟರ್‌ನ ನಷ್ಟ ಎಲ್ಲ ಕಳೆದ್ರೆ ಸುಮಾರು 0.7 ಯೂನಿಟ್, ವರ್ಷಕ್ಕೆ 250 ಯೂನಿಟ್ ಆಸುಪಾಸು. ಮೋಡ ಜಾಸ್ತಿ ಇರೋ ಕಡೆ ಇನ್ನೂ ಕಮ್ಮಿ. ಇದು ಒಂದು ಮನೆಯನ್ನ ನಡೆಸೋ ಕರೆಂಟ್ ಅಲ್ಲ. ಹಾಗಂತ ಬಿಸಾಕೋ ಕರೆಂಟೂ ಅಲ್ಲ. ಅದೇ ಕಂಬದ ಮೇಲೆ 60 ವ್ಯಾಟ್‌ನ ಎಲ್‌ಇಡಿ ಬೀದಿ ದೀಪ ಇದ್ರೆ ಅದು ರಾತ್ರಿ 12 ಗಂಟೆ ಉರಿದ್ರೆ ತಿನ್ನೋದು 0.72 ಯೂನಿಟ್. ಹಗಲು ಕಂಬ ಗ್ರಿಡ್‌ಗೆ ಕೊಟ್ಟಿದ್ದನ್ನ ರಾತ್ರಿ ದೀಪ ಗ್ರಿಡ್‌ನಿಂದ ವಾಪಸ್ ತಗೊಳ್ಳುತ್ತೆ, ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತೆ. ನಂಗೆ ಈ ಲೆಕ್ಕ ತುಂಬಾ ಇಷ್ಟ, ಯಾಕಂದ್ರೆ ಇದು ಉತ್ಪ್ರೇಕ್ಷೆ ಇಲ್ಲದ ಲೆಕ್ಕ, ಬೀದಿಯಲ್ಲಿ ನಿಂತು ಕೈ ತೋರಿಸಿ ಹೇಳಬಹುದು, ಈ ಪ್ಯಾನೆಲ್ ಆ ದೀಪಕ್ಕೆ ಅಂತ. ಕಂಪನಿಗಳು ಹೀಗೆ ಹೇಳಿದ್ರೆ ಜನ ಕೇಳ್ತಾರೆ, ಅದು ಬಿಟ್ಟು ಇಷ್ಟು ಸಾವಿರ ಮನೆಗಳಿಗೆ ಬೆಳಕು ಅಂತ ಬ್ಯಾನರ್ ಹಾಕಿದ್ರೆ ಮುಂದಿನ ತಿಂಗಳು ಬಿಲ್ ಕಮ್ಮಿ ಆಗ್ಲಿಲ್ಲವಲ್ಲ ಅಂತ ಅದೇ ಜನ ಕೌಂಟರ್‌ಗೆ ಬಂದು ನಿಲ್ತಾರೆ.

ಬಿಲ್ ಯಾಕೆ ಕಮ್ಮಿ ಆಗಲ್ಲ ಅನ್ನೋದನ್ನೂ ಬಿಡಿಸಿ ಹೇಳಬೇಕು. ಚಾವಣಿ ಮೇಲಿನ ಪ್ಯಾನೆಲ್ ಮನೆಯ ಮೀಟರ್‌ನ ಒಳಗಡೆ ಸೇರುತ್ತೆ, ಅದಕ್ಕೇ ಅದು ಮನೆಯವರ ಲೆಕ್ಕಕ್ಕೆ ಬರುತ್ತೆ, ಕಂಬದ ಪ್ಯಾನೆಲ್ ಸೇರೋದು ನೇರ ಬೀದಿ ಲೈನಿಗೆ, ಅಂದ್ರೆ ಕಂಪನಿಯ ಲೆಕ್ಕಕ್ಕೆ. ಕರೆಂಟು ಹರಿಯೋ ದಾರಿ ನೋಡಿದ್ರೆ ಅದು ಹತ್ತಿರದ ಮನೆಯ ಫ್ರಿಜ್, ಫ್ಯಾನಿಗೇ ಹೋಗುತ್ತೆ, ಹತ್ತಿರದಲ್ಲೇ ಹುಟ್ಟಿ ಹತ್ತಿರದಲ್ಲೇ ಖರ್ಚಾಗೋದ್ರಿಂದ ದೂರದ ಲೈನಿನಲ್ಲಿ ಆಗೋ ನಷ್ಟ ಅಷ್ಟು ಉಳಿಯುತ್ತೆ, ಅದು ನಿಜವಾದ ಲಾಭ. ಆದ್ರೆ ಆ ಮನೆಯ ಮೀಟರ್ ಮಾತ್ರ ಎಂದಿನ ಹಾಗೇ ಓಡುತ್ತೆ. ಇದರಲ್ಲಿ ಮೋಸ ಇಲ್ಲ, ಯೋಜನೆಯ ಖರ್ಚನ್ನ ಎಲ್ಲ ಗ್ರಾಹಕರೂ ಸೇರಿ ಹೊರೋವಾಗ ಲಾಭವೂ ಎಲ್ಲರಿಗೂ ಹಂಚಿಹೋಗಬೇಕು ಅನ್ನೋದು ನ್ಯಾಯವೇ. ಆದ್ರೆ ಹಂಚಿಹೋಯ್ತಾ ಇಲ್ವಾ ಅಂತ ತೋರಿಸೋ ಜವಾಬ್ದಾರಿ ಯಾರದ್ದು? ಪ್ರತಿ ಪ್ಯಾನೆಲ್ ಹಿಂದೆ ಇರೋ ಇನ್ವರ್ಟರ್ ಹೇಗೂ ತಾನು ಎಷ್ಟು ಕೊಟ್ಟೆ ಅನ್ನೋದನ್ನ ಕಂಪನಿಗೆ ಕಳಿಸ್ತಾನೇ ಇರುತ್ತೆ, ಲೈನಿನ ವೋಲ್ಟೇಜ್ ಎಷ್ಟಿದೆ ಅನ್ನೋದನ್ನೂ ಹೇಳುತ್ತೆ, ಅದೇ ಅಂಕಿಯನ್ನ ಕಂಬದ ನಂಬರ್ ಹಾಕಿದ್ರೆ ಯಾರಿಗಾದ್ರೂ ಕಾಣೋ ಹಾಗೆ ಇಡೋಕೆ ಏನು ಕಷ್ಟ? ನಮ್ಮ ಬೀದಿಯ ಕಂಬ ಈ ತಿಂಗಳು ಎಷ್ಟು ಯೂನಿಟ್ ಕೊಡ್ತು ಅಂತ ಒಬ್ಬ ಶಾಲೆ ಹುಡುಗ ನೋಡೋ ಹಾಗಿದ್ರೆ ಆ ಪ್ಯಾನೆಲ್ ಮೇಲೆ ಯಾರೂ ಕಲ್ಲು ಎಸೆಯಲ್ಲ. ಕೆಟ್ಟು ಕೂತ ಪ್ಯಾನೆಲ್ ಯಾವುದು ಅನ್ನೋದೂ ಕಂಪನಿಗಿಂತ ಮುಂಚೆ ಬೀದಿಯವರೇ ಹೇಳ್ತಾರೆ.

ತಪ್ಪು ತಿಳುವಳಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕರೆಂಟ್ ಹೋದಾಗಿನದು. ಕಂಬದ ಮೇಲೆ ಸೋಲಾರ್ ಇದೆಯಲ್ಲ, ಇನ್ನು ಪವರ್ ಕಟ್ ಆದ್ರೂ ನಮಗೆ ಕರೆಂಟ್ ಇರುತ್ತೆ ಅಂತ ಬಹಳ ಜನ ನಂಬಿರ್ತಾರೆ. ಇರಲ್ಲ. ಗ್ರಿಡ್‌ಗೆ ಸೇರಿಸಿದ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಸತ್ತ ತಕ್ಷಣ ತಾನೂ ನಿಂತುಬಿಡಬೇಕು, ಅದು ನಿಯಮ. ಐಇಇಇ ಅನ್ನೋ ಎಂಜಿನಿಯರ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ 2003ರಲ್ಲಿ ತಂದ 1547 ನಂಬರಿನ ಮಾನದಂಡದ ಪ್ರಕಾರ ಅಂಥ ಪರಿಸ್ಥಿತಿಯನ್ನ ಗುರುತಿಸಿ 2 ಸೆಕೆಂಡ್ ಒಳಗೆ ಕರೆಂಟ್ ಕೊಡೋದನ್ನ ನಿಲ್ಲಿಸಬೇಕು. ಯಾಕೆ ಅಂದ್ರೆ ಲೈನ್ ಆಫ್ ಆಗಿದೆ ಅಂತ ನಂಬಿ ಒಬ್ಬ ಲೈನ್‌ಮನ್ ಕಂಬ ಹತ್ತಿರ್ತಾನೆ, ಆಗ ಬೀದಿಯ ಇಪ್ಪತ್ತು ಪ್ಯಾನೆಲ್ ಸೇರಿ ಆ ತಂತಿಗೆ ಕರೆಂಟ್ ತಳ್ಳಿದ್ರೆ ಅವನ ಜೀವ ಹೋಗುತ್ತೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿರೋರಿಗೆ ಇದರ ಭಯ ಗೊತ್ತು, ಕೆಳಗಿನಿಂದ ಹೋದ ಸಣ್ಣ ವೋಲ್ಟೇಜ್ ಮೇಲೆ ಸಾವಿರಾರು ವೋಲ್ಟ್ ಆಗಿ ಏಳುತ್ತೆ. ಹಾಗಾಗಿ ಪ್ಯಾನೆಲ್ ನಿಲ್ಲೋದು ದೋಷ ಅಲ್ಲ, ಅದೇ ಅದರ ಸುರಕ್ಷತೆ. ಇದನ್ನ ಜನಕ್ಕೆ ಮೊದಲೇ ಹೇಳಿ. ಹಾಗೇ ಬ್ಯಾಟರಿ ಇರೋ ಸೋಲಾರ್ ಬೀದಿ ದೀಪ ಬೇರೆ, ಅದು ಗ್ರಿಡ್‌ಗೆ ಸೇರಿರಲ್ಲ, ಹಗಲು ತುಂಬಿಸ್ಕೊಂಡು ರಾತ್ರಿ ತಾನೇ ಉರಿಯುತ್ತೆ, ಬ್ಯಾಟರಿ ಸತ್ತ ದಿನ ದೀಪವೂ ಸಾಯುತ್ತೆ, ಇವೆರಡನ್ನೂ ಒಂದೇ ಅಂದ್ಕೊಂಡು ಜನ ಬೈಯೋದುಂಟು, ಆ ಗೊಂದಲ ಬಿಡಿಸೋದೂ ನಿಮ್ಮ ಕೆಲಸವೇ.

ಲೈನ್‌ಮನ್ ವಿಚಾರ ಬಂದಿದ್ದಕ್ಕೆ ಇಲ್ಲೇ ಹೇಳಿಬಿಡ್ತೀನಿ, ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಕಂಬ ಅನ್ನೋದು ಅವರ ಕೆಲಸದ ಜಾಗ. ಅಲ್ಲಿ ಈಗಾಗ್ಲೇ ಹೈಟೆನ್ಷನ್ ಲೈನು, ಲೋಟೆನ್ಷನ್ ಲೈನು, ಬೀದಿ ದೀಪ, ಟಿವಿ ಕೇಬಲ್, ಇಂಟರ್ನೆಟ್ ಫೈಬರ್, ಟೆಲಿಫೋನ್ ತಂತಿ, ಕೆಲವು ಕಡೆ ಮೀಟರ್ ಪೆಟ್ಟಿಗೆ, ಜಾಹೀರಾತು ಫಲಕ ಎಲ್ಲ ಇದೆ. ಇದರ ನಡುವೆ ಹತ್ತೋಕೆ ಒಂದಿಷ್ಟು ಖಾಲಿ ಜಾಗ ಇರಲೇಬೇಕು. ಅಲ್ಲಿಗೆ ಒಂದೂವರೆ ಚದರ ಮೀಟರ್‌ಗೂ ಹೆಚ್ಚಿನ ಗಾಜಿನ ಹಲಗೆ ತಂದು ಕಟ್ಟಿದ್ರೆ ಮಳೆಯಲ್ಲಿ, ರಾತ್ರಿಯಲ್ಲಿ, ಟಾರ್ಚ್ ಹಿಡ್ಕೊಂಡು ಹತ್ತೋನು ಯಾವ ಕಡೆಯಿಂದ ಹತ್ತಬೇಕು? ಡಿಸೈನ್ ಮಾಡೋ ಟೇಬಲ್ ಸುತ್ತ ಎಂಜಿನಿಯರ್‌ಗಳಿರ್ತಾರೆ, ಹಣಕಾಸಿನವರಿರ್ತಾರೆ, ಗುತ್ತಿಗೆದಾರರಿರ್ತಾರೆ, ಹತ್ತೋರು ಮಾತ್ರ ಇರಲ್ಲ. ಮೊದಲು ಅವರನ್ನ ಕೂರಿಸಿ. ಪ್ರತಿ ಕಂಬದಲ್ಲೂ ಪ್ಯಾನೆಲ್ಲನ್ನ ಲೈನಿಂದ ಬೇರೆ ಮಾಡೋ ಸ್ವಿಚ್ ಕೈಗೆ ಸಿಗೋ ಹಾಗಿರಲಿ, ಈ ಕಂಬದಲ್ಲಿ ಎರಡನೇ ಕಡೆಯಿಂದಲೂ ಕರೆಂಟ್ ಬರಬಹುದು ಅಂತ ದೊಡ್ಡದಾಗಿ ಅವರ ಭಾಷೆಯಲ್ಲೇ ಬರೆದಿರಲಿ. ಇನ್ವರ್ಟರ್ ನಿಂತಿರುತ್ತೆ ಅನ್ನೋ ಭರವಸೆ ಮೇಲೆ ಯಾರೂ ತಂತಿ ಮುಟ್ಟಬಾರದು, ಟೆಸ್ಟ್ ಮಾಡಿ, ಎರಡೂ ಕಡೆ ಅರ್ಥಿಂಗ್ ಹಾಕಿಯೇ ಕೈ ಹಾಕಬೇಕು, ಅದಕ್ಕೆ ಬೇಕಾದ ಸಾಮಾನು, ಸಮಯ, ತರಬೇತಿ ಮೂರನ್ನೂ ಗುತ್ತಿಗೆ ಮೇಲೆ ಕೆಲಸ ಮಾಡೋ ಹುಡುಗರಿಗೂ ಕೊಡಬೇಕು, ಕಾಯಂ ನೌಕರರಿಗೆ ಮಾತ್ರ ಅಲ್ಲ.

ಇನ್ನು ಗಾಳಿ. ಪ್ಯಾನೆಲ್‌ನ ತೂಕ 20 ಕೆಜಿ ಆಸುಪಾಸು, ಅದು ಕಂಬಕ್ಕೆ ದೊಡ್ಡ ಭಾರ ಅಲ್ಲ. ಸಮಸ್ಯೆ ಇರೋದು ಅದರ ಅಗಲದಲ್ಲಿ. ಗಂಟೆಗೆ 144 ಕಿಲೋಮೀಟರ್ ವೇಗದ ಗಾಳಿ ಎದುರಿಂದ ಬಡಿದ್ರೆ ಒಂದು ಚದರ ಮೀಟರ್ ಮೇಲೆ ಬೀಳೋ ಒತ್ತಡ ಸುಮಾರು 100 ಕೆಜಿ ಭಾರಕ್ಕೆ ಸಮ, 1.6 ಚದರ ಮೀಟರ್ ಪ್ಯಾನೆಲ್ಲಿಗೆ 160 ಕೆಜಿ ಹತ್ತಿರ, ಅದೂ ನೆಲದಿಂದ ನಾಲ್ಕೈದು ಮೀಟರ್ ಎತ್ತರದಲ್ಲಿ ಅಡ್ಡಡ್ಡಲಾಗಿ ತಳ್ಳಿದ ಹಾಗೆ. ಓರೆಯಾಗಿ ಕೂತಿರೋದ್ರಿಂದ ಪೂರ್ತಿ ಅಷ್ಟು ಬೀಳದೇ ಇರಬಹುದು, ಆದ್ರೆ ಓರೆ ಇರೋದಕ್ಕೇ ಅಡಿಯಿಂದ ಎತ್ತೋ ಬಲವೂ ಸೇರ್ಕೊಳ್ಳುತ್ತೆ. ಗಾಳಿ ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟಾಗುತ್ತೆ, ಅದಕ್ಕೇ ಸಾಧಾರಣ ಗಾಳಿಯಲ್ಲಿ ಏನೂ ಆಗ್ಲಿಲ್ಲ ಅನ್ನೋದು ಬಿರುಗಾಳಿಗೆ ಸಾಕ್ಷಿ ಆಗಲ್ಲ. ಹೊಸ ಕಂಬ ಇದನ್ನ ತಡ್ಕೊಳ್ಳುತ್ತೆ. ಬುಡ ತುಕ್ಕು ಹಿಡಿದ ಕಬ್ಬಿಣದ ಕಂಬ, ಒಳಗೇ ಕೊಳೆತ ಮರದ ಕಂಬ, ಬಿರುಕು ಬಿಟ್ಟು ಕಂಬಿ ಕಾಣ್ತಿರೋ ಸಿಮೆಂಟ್ ಕಂಬ, ಈಗಾಗ್ಲೇ ಒಂದು ಕಡೆ ವಾಲಿ ನಿಂತಿರೋ ಕಂಬ ಇವೆಲ್ಲ ತಡ್ಕೊಳ್ಳುತ್ತಾ? ಎಲ್ಲ ಬೀದಿಯಲ್ಲೂ ಇಂಥ ಒಂದೆರಡಾದ್ರೂ ಇರುತ್ತೆ. ಪ್ರತಿ ಕಂಬವನ್ನ ಪರೀಕ್ಷೆ ಮಾಡಿ ಸಹಿ ಹಾಕಿದ ದಾಖಲೆ ಇಲ್ಲದೆ ಒಂದೂ ಪ್ಯಾನೆಲ್ ಮೇಲೆ ಹೋಗಬಾರದು. ಈ ಯೋಜನೆಯಿಂದ ಕಂಬಗಳ ತಪಾಸಣೆ ಒಂದು ಸಲ ಸರಿಯಾಗಿ ಆದ್ರೆ ಅದೇ ದೊಡ್ಡ ಉಪಕಾರ ಅಂತ ನಾನು ನಿಜವಾಗ್ಲೂ ಅಂದ್ಕೊಂಡಿದೀನಿ, ಪ್ಯಾನೆಲ್ ಇರಲಿ ಇಲ್ಲದಿರಲಿ ಕೊಳೆತ ಕಂಬ ಬೀದಿಯಲ್ಲಿ ಇರಬಾರದು. ಪ್ಯಾನೆಲ್ಲೇ ಕಳಚಿ ಬಿದ್ರೆ ಏನು ಮಾಡಬೇಕು ಅನ್ನೋದನ್ನೂ ಬೀದಿಯವರಿಗೆ ಕಲಿಸಿ. ಅದರ ಮೇಲೆ ಬಿಸಿಲು ಇರೋವರೆಗೂ ಅದು ಕರೆಂಟ್ ಮಾಡ್ತಾನೇ ಇರುತ್ತೆ, ಗಾಜು ಒಡೆದಿದ್ರೂ ಸರಿ, ಅದಕ್ಕೆ ಆಫ್ ಅನ್ನೋ ಬಟನ್ ಇಲ್ಲ, ಮಕ್ಕಳು ಮುಟ್ಟಬಾರದು.

ಈಗ ಮರ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡ್ತೀನಿ. ಪ್ಯಾನೆಲ್‌ಗೆ ನೆರಳು ಆಗಲ್ಲ, ಸಾಮಾನ್ಯ 60 ಸೆಲ್‌ನ ಪ್ಯಾನೆಲ್ ಒಳಗೆ ಮೂರು ಭಾಗ ಇರುತ್ತೆ, ಒಂದು ಕೊಂಬೆಯ ನೆರಳು ಒಂದೇ ಒಂದು ಸೆಲ್ ಮೇಲೆ ಗಟ್ಟಿಯಾಗಿ ಬಿದ್ರೂ ಆ ಮೂರನೇ ಒಂದು ಭಾಗ ಪೂರ್ತಿ ಕೆಲಸ ಬಿಡಬಹುದು. ಬೀದಿಯಲ್ಲಿ ಕಂಬ ಇರೋ ಸಾಲಲ್ಲೇ ಮರವೂ ಇರೋದು. ಹಾಗಾಗಿ ನಾಳೆ ಗುತ್ತಿಗೆದಾರನೊಬ್ಬ ಬಂದು ನೆರಳು ಬೀಳ್ತಿದೆ ಅಂತ ಕೊಂಬೆ ಕಡಿಯೋದು, ಮುಂದಿನ ವರ್ಷ ಇನ್ನಷ್ಟು ಕಡಿಯೋದು, ಕೊನೆಗೆ ಮರವೇ ಹೋಗೋದು, ಇದು ಆಗಿಯೇ ಆಗುತ್ತೆ, ಮೊದಲೇ ತಡೆಯದಿದ್ರೆ. ವರ್ಷಕ್ಕೆ 250 ಯೂನಿಟ್‌ಗೋಸ್ಕರ ಒಂದು ದೊಡ್ಡ ಮರ ಕಡಿಯೋದು ಯಾವ ಲೆಕ್ಕದಲ್ಲೂ ಸರಿ ಅಲ್ಲ. ಆ ಮರ ಕೊಡೋ ನೆರಳು, ತಂಪು, ಹಕ್ಕಿ, ಬಿಸಿಲಲ್ಲಿ ನಿಂತ ಗಾಡಿಯವನಿಗೆ ಒಂದು ಜಾಗ, ಇದನ್ನೆಲ್ಲ ಯಾವ ಮೀಟರೂ ಅಳೆಯಲ್ಲ. ಮರ ಇದ್ದ ಕಡೆ ಕಂಬ ಖಾಲಿ ಇರಲಿ. ಪ್ಯಾನೆಲ್ಲಿಗಾಗಿ ಒಂದು ಕೊಂಬೆಯನ್ನೂ ಕಡಿಯಲ್ಲ ಅಂತ ಯೋಜನೆಯ ಕಾಗದದಲ್ಲೇ ಬರೆದು, ಟೆಂಡರ್‌ನ ಷರತ್ತಲ್ಲೂ ಸೇರಿಸಿ.

ಮರ ಬಿಟ್ಟರೂ ಎಲ್ಲ ಕಂಬವೂ ಪ್ಯಾನೆಲ್‌ಗೆ ಆಗಲ್ಲ. ಭೂಮಧ್ಯರೇಖೆಗೆ ಉತ್ತರದಲ್ಲಿರೋ ಊರುಗಳಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಬೇಕು, ದಕ್ಷಿಣದಲ್ಲಿರೋ ಊರುಗಳಲ್ಲಿ ಉತ್ತರಕ್ಕೆ, ಓರೆ ಹೆಚ್ಚುಕಮ್ಮಿ ಆ ಊರಿನ ಅಕ್ಷಾಂಶದಷ್ಟು ಇರಬೇಕು. ಆದ್ರೆ ಬೀದಿಗಳು ನಮ್ಮ ಅನುಕೂಲ ನೋಡಿ ತಿರುಗಿಲ್ಲ. ಕೆಲವು ಬೀದಿಯಲ್ಲಿ ಪ್ಯಾನೆಲ್ ರಸ್ತೆ ಕಡೆ ಚಾಚುತ್ತೆ, ಕೆಲವು ಬೀದಿಯಲ್ಲಿ ಯಾರದ್ದೋ ಬಾಲ್ಕನಿ ಕಡೆ ಚಾಚುತ್ತೆ. ಎತ್ತರದ ಕಟ್ಟಡದ ಹಿಂದೆ ಇರೋ ಕಂಬಕ್ಕೆ ಅರ್ಧ ದಿನ ಬಿಸಿಲೇ ಇಲ್ಲ. ಟ್ರಾನ್ಸ್‌ಫಾರ್ಮರ್ ಇರೋ ಕಂಬಕ್ಕೆ ಮೊದಲೇ ಬೇಕಾದಷ್ಟು ಭಾರ ಇದೆ. ಇವನ್ನೆಲ್ಲ ಬಿಟ್ಟು ಉಳಿದ ಕಂಬಗಳನ್ನ ಲೆಕ್ಕ ಹಾಕಿ, ಟಾರ್ಗೆಟ್ ಮೊದಲೇ ಬರೆದಿಟ್ಟು ಅದನ್ನ ತುಂಬಿಸೋಕೆ ಅಂತ ನೆರಳಲ್ಲಿರೋ ಕಂಬಕ್ಕೂ ಪ್ಯಾನೆಲ್ ಏರಿಸಬೇಡಿ. ಒಂದು ಒಳ್ಳೇ ಅಂಶವೂ ಇದೆ, ಪ್ಯಾನೆಲ್ ಬಿಸಿ ಆದಷ್ಟೂ ಸೋಮಾರಿ ಆಗುತ್ತೆ, 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.5ರವರೆಗೆ ಇಳಿಯುತ್ತೆ, ಚಾವಣಿಗೆ ಅಂಟಿಸಿದ ಹಾಗೆ ಕೂರಿಸಿದ ಪ್ಯಾನೆಲ್‌ಗಿಂತ ಕಂಬದ ಮೇಲಿನದಕ್ಕೆ ಸುತ್ತ ಗಾಳಿ ಆಡೋದ್ರಿಂದ ಅದು ಸ್ವಲ್ಪ ತಣ್ಣಗಿರುತ್ತೆ. ಪ್ರತಿ ಪ್ಯಾನೆಲ್‌ಗೂ ತನ್ನದೇ ಪುಟ್ಟ ಇನ್ವರ್ಟರ್ ಇರೋದ್ರಿಂದ ಒಂದು ಪ್ಯಾನೆಲ್ ಕೆಟ್ಟರೆ ಪಕ್ಕದ್ದಕ್ಕೆ ಏನೂ ಆಗಲ್ಲ.

ಬೇಡ ಅನ್ನೋ ಬೀದಿಯವರಿಗೂ ಎರಡು ಮಾತು ಹೇಳಬೇಕು. ನಿಮ್ಮನ್ನ ಕೇಳಬೇಕು ಅಂತ ಇಷ್ಟು ಹೊತ್ತು ವಾದ ಮಾಡ್ತಿರೋನು ನಾನು, ಹಾಗಾಗಿ ಕೇಳಿದಾಗ ನೀವು ಕೊಡೋ ಉತ್ತರವೂ ವಿಷಯ ತಿಳ್ಕೊಂಡು ಕೊಟ್ಟಿದ್ದಾಗಿರಲಿ. ಪ್ಯಾನೆಲ್‌ನಿಂದ ಏನೋ ಕಿರಣ ಬರುತ್ತೆ, ಮಕ್ಕಳಿಗೆ ಕೆಟ್ಟದ್ದು ಅನ್ನೋ ಮಾತು ಹಬ್ಬಿಸಬೇಡಿ, ಒಂದು ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಹೋಗೋದು ಮೂವತ್ತು ನಲವತ್ತು ವೋಲ್ಟ್ ಡಿಸಿ ಕರೆಂಟ್, ಅದರ ಪಕ್ಕದಲ್ಲೇ ಅದಕ್ಕಿಂತ ಎಷ್ಟೋ ದೊಡ್ಡ ವೋಲ್ಟೇಜಿನ ತಂತಿ ನಿಮ್ಮ ಕಿಟಕಿ ಮುಂದೆ ವರ್ಷಗಳಿಂದ ಇದೆ. ಕಣ್ಣಿಗೆ ಹೊಳಪು ಹೊಡೆಯುತ್ತೆ ಅನ್ನೋದರಲ್ಲಿ ಸ್ವಲ್ಪ ನಿಜ ಇದೆ, ಪ್ಯಾನೆಲ್ ಗಾಜಿಗೆ ಪ್ರತಿಫಲನ ತಗ್ಗಿಸೋ ಲೇಪ ಇರುತ್ತೆ, ಬೆಳಕು ನುಂಗಿದಷ್ಟೂ ಕರೆಂಟ್ ಜಾಸ್ತಿ ಅಲ್ವಾ, ಹಾಗಾಗಿ ಮಾಮೂಲಿ ಕಿಟಕಿ ಗಾಜಿಗಿಂತ ಕಮ್ಮಿನೇ ಹೊಳೆಯುತ್ತೆ, ಆದ್ರೆ ಬೆಳಿಗ್ಗೆ ಸಂಜೆ ಬಿಸಿಲು ತುಂಬಾ ಓರೆಯಾಗಿ ಬಿದ್ದಾಗ ಎದುರಿನ ಮೊದಲ ಮಹಡಿಗೋ ತಿರುವಿನಲ್ಲಿ ಬರೋ ಗಾಡಿಯವರಿಗೋ ಸ್ವಲ್ಪ ಹೊತ್ತು ಕಣ್ಣು ಕುಕ್ಕಬಹುದು. ಅದನ್ನ ಹಾಕೋ ಮುಂಚೆಯೇ ಲೆಕ್ಕ ಹಾಕಿ ನೋಡಬಹುದು, ಕೇಳಿ, ಲೆಕ್ಕ ತೋರಿಸೋಕೆ ಹೇಳಿ. ಅಂದದ ಮಾತಿಗೆ ಮಾತ್ರ ನನ್ನ ಹತ್ರ ಲೆಕ್ಕ ಇಲ್ಲ. ಅಂದ ಅನ್ನೋದು ಸಣ್ಣ ವಿಷಯ ಅಂತ ನಾನು ಅನ್ನಲ್ಲ, ಮನುಷ್ಯ ತನ್ನ ಬೀದಿಯನ್ನ ಪ್ರೀತಿಸೋದು ಕಣ್ಣಿಂದಲೇ. ಆದ್ರೆ ಒಂದು ವಿನಂತಿ, ನಾವು ಬೇಡ ಅಂದ ಕರೆಂಟು ಎಲ್ಲೋ ಒಂದು ಕಡೆ ಹುಟ್ಟಲೇಬೇಕು, ಕಲ್ಲಿದ್ದಲ ಸ್ಥಾವರದ ಬೂದಿ ಬೀಳೋ ಊರಲ್ಲೋ, ಅಣೆಕಟ್ಟಿಗೆ ಮುಳುಗಿದ ಊರಲ್ಲೋ, ಅಲ್ಲಿನವರಿಗೂ ಅವರ ಬೀದಿ ಚೆಂದವೇ ಇತ್ತು. ಅದನ್ನ ಒಂದು ಸಲ ಮನಸ್ಸಲ್ಲಿ ಇಟ್ಕೊಂಡು ಬೇಕೋ ಬೇಡವೋ ಹೇಳಿ.

ದುಡ್ಡಿನ ಮಾತು ಆಯೋಗದವರಿಗೆ. 2010ರಿಂದ 2020ರ ನಡುವೆ ದೊಡ್ಡ ಸೋಲಾರ್ ಘಟಕಗಳಲ್ಲಿ ಹುಟ್ಟೋ ಕರೆಂಟಿನ ವೆಚ್ಚ ಜಗತ್ತಿನ ಸರಾಸರಿಯಲ್ಲಿ ಸುಮಾರು ಶೇಕಡಾ 85ರಷ್ಟು ಇಳಿದಿದೆ. ಪ್ಯಾನೆಲ್ ಅಗ್ಗ ಆಗ್ಬಿಟ್ಟಿದೆ. ಆದ್ರೆ ಕಂಬದ ಯೋಜನೆಯಲ್ಲಿ ಖರ್ಚು ಇರೋದು ಪ್ಯಾನೆಲ್ಲಲ್ಲಿ ಅಲ್ಲ, ಕಂಬ ಕಂಬಕ್ಕೂ ಲ್ಯಾಡರ್ ಗಾಡಿ ಹೋಗಬೇಕು, ಜನ ಹತ್ತಬೇಕು, ಒಂದೊಂದಕ್ಕೂ ಬೇರೆ ಬ್ರಾಕೆಟ್ಟು, ಬೇರೆ ಇನ್ವರ್ಟರು, ಬೇರೆ ಜೋಡಣೆ, ಕೆಟ್ಟರೆ ಮತ್ತೆ ಗಾಡಿ ಬರಬೇಕು. ಒಂದು ಶಾಲೆಯ ಚಾವಣಿ ಮೇಲೆ ಇನ್ನೂರು ಪ್ಯಾನೆಲ್ ಒಟ್ಟಿಗೆ ಹಾಕೋದಕ್ಕೂ ಇನ್ನೂರು ಕಂಬ ಹತ್ತಿ ಇಳಿಯೋದಕ್ಕೂ ಅಜಗಜಾಂತರ. ನನ್ನ ಅಭಿಪ್ರಾಯ ಕೇಳಿದ್ರೆ ಸರ್ಕಾರಿ ಕಟ್ಟಡ, ಶಾಲೆ, ಬಸ್ ನಿಲ್ದಾಣದ ಚಾವಣಿಗಳು ಖಾಲಿ ಇರೋವಾಗ ಅಲ್ಲಿಂದ ಶುರು ಮಾಡೋದೇ ಬುದ್ಧಿವಂತಿಕೆ, ಕಂಬದ ಸರದಿ ಆಮೇಲೆ. ಅದಕ್ಕೂ ಮುಂಚೆ ಕಂಬವೇ ಆಗಬೇಕು ಅನ್ನೋದಾದ್ರೆ ಯಾಕೆ ಅಂತ ಕಂಪನಿ ಒಂದು ಯೂನಿಟ್‌ಗೆ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ ಎರಡಕ್ಕೂ ಅಕ್ಕಪಕ್ಕ ಇಟ್ಟು ಬಹಿರಂಗ ವಿಚಾರಣೆಯಲ್ಲಿ ತೋರಿಸಲಿ. ತೋರಿಸಿದ್ರೆ ಒಪ್ಪೋಣ. ಸಂಜೆ ಆರರ ಮೇಲೆ ಎಲ್ಲರೂ ದೀಪ, ಅಡುಗೆ ಅಂತ ಕರೆಂಟ್ ಎಳೆಯೋ ಹೊತ್ತಲ್ಲಿ ಈ ಪ್ಯಾನೆಲ್ ಏನೂ ಕೊಡಲ್ಲ ಅನ್ನೋದನ್ನೂ ಆ ಲೆಕ್ಕದಲ್ಲಿ ಮುಚ್ಚಿಡಬಾರದು.

ಆಮೇಲೆ ವಯಸ್ಸಿನ ಪ್ರಶ್ನೆ ಇದೆ, ಇದನ್ನ ಯಾರೂ ಎತ್ತೋದೇ ಇಲ್ಲ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಕೊಡ್ತಾರೆ, ಇನ್ವರ್ಟರ್ ಅದಕ್ಕಿಂತ ಮುಂಚೆ ಕೈ ಕೊಡಬಹುದು, ಕಂಬ ಇನ್ನು ಹತ್ತೇ ವರ್ಷ ನಿಲ್ಲೋ ಹಾಗಿರಬಹುದು. ಕಂಬ ಬದಲಾಯಿಸೋವಾಗ ಪ್ಯಾನೆಲ್ ಇಳಿಸಿ ಮತ್ತೆ ಏರಿಸೋದು ಯಾರು? ತಯಾರಿಸಿದ ಕಂಪನಿ ಬಾಗಿಲು ಹಾಕಿದ್ರೆ ಬಿಡಿಭಾಗ ಎಲ್ಲಿಂದ? ಆಯುಷ್ಯ ಮುಗಿದ ಪ್ಯಾನೆಲ್ ಎಲ್ಲಿಗೆ? ಅದರಲ್ಲಿ ಗಾಜು, ಅಲ್ಯೂಮಿನಿಯಂ, ಸಿಲಿಕಾನ್, ಸ್ವಲ್ಪ ಬೆಳ್ಳಿ ಇದೆ, ಬೆಸುಗೆಯಲ್ಲಿ ಸೀಸವೂ ಇರುತ್ತೆ, ತಿಪ್ಪೆಗೆ ಹಾಕೋ ವಸ್ತು ಅಲ್ಲ. ಯುರೋಪಿನಲ್ಲಿ 2012ರ ಇ-ತ್ಯಾಜ್ಯ ನಿರ್ದೇಶನದಲ್ಲೇ ಸೋಲಾರ್ ಪ್ಯಾನೆಲ್ಲನ್ನ ಸೇರಿಸಿ, ಮಾರುಕಟ್ಟೆಗೆ ತಂದ ತಯಾರಕರೇ ವಾಪಸ್ ತಗೋಬೇಕು ಅಂತ ಹೊಣೆ ಹಾಕಿದ್ದಾರೆ. ಕಂಬ ಏರೋ ಪ್ರತಿ ಪ್ಯಾನೆಲ್‌ಗೂ ಇಳಿಸೋ ದುಡ್ಡು ಮೊದಲೇ ಬೇರೆ ಖಾತೆಯಲ್ಲಿ ಇಡಿ. ಸತ್ತ ಪ್ಯಾನೆಲ್, ಹರಿದ ಕೇಬಲ್, ತುಕ್ಕು ಹಿಡಿದ ಬ್ರಾಕೆಟ್ ಬೀದಿ ಬೀದಿಯಲ್ಲಿ ನೇತಾಡೋದನ್ನ ನೋಡಿದ ಜನ ಮುಂದೆ ಯಾವ ಸೋಲಾರ್ ಯೋಜನೆಗೂ ಒಪ್ಪಲ್ಲ.

ಹಾಗಾಗಿ ಅಧಿಕಾರಿಗಳೇ, ಯಾವ ಬೀದಿಯಿಂದ ಶುರು ಅಂತ ತೀರ್ಮಾನ ಆದ ದಿನವೇ ಆ ಬೀದಿಯ ಕಂಬಗಳ ಪಟ್ಟಿ ಹೊರಗೆ ಹಾಕಿ, ಯಾವ ಕಂಬಕ್ಕೆ ಬರುತ್ತೆ, ಯಾವುದಕ್ಕೆ ಬರಲ್ಲ, ಯಾಕೆ ಬರಲ್ಲ, ಯಾವ ಕಡೆ ಮುಖ, ಕಂಬದ ಪರೀಕ್ಷೆ ಯಾವಾಗ ಆಯ್ತು, ವರ್ಷಕ್ಕೆ ಎಷ್ಟು ಯೂನಿಟ್ ನಿರೀಕ್ಷೆ, ಖರ್ಚು ಎಷ್ಟು, ಅದು ಬಿಲ್‌ನಲ್ಲಿ ಎಷ್ಟಾಗಿ ಬರುತ್ತೆ. ಮನೆ ಮನೆಗೆ ಒಂದು ಹಾಳೆ ಹೋಗಲಿ. ಒಂದೇ ಒಂದು ಕಂಬಕ್ಕೆ ಮಾದರಿಯಾಗಿ ಹಾಕಿ ಜನ ಬಂದು ನೋಡೋಕೆ ಬಿಡಿ, ಚಿತ್ರದಲ್ಲಿ ನೋಡಿ ಹೆದರಿದೋರು ಎದುರಿಗೆ ನೋಡಿದ ಮೇಲೆ ಸರಿ ಅನ್ನಬಹುದು, ಚಿತ್ರ ನೋಡಿ ಒಪ್ಪಿದೋರು ಎದುರಿಗೆ ನೋಡಿ ಬೇಡ ಅನ್ನಲೂಬಹುದು, ಎರಡನ್ನೂ ಕೇಳಿಸ್ಕೊಳ್ಳಿ. ಆಕ್ಷೇಪ ಹೇಳೋಕೆ ಕನಿಷ್ಠ ಒಂದು ತಿಂಗಳು ಕೊಡಿ, ಪ್ರತಿ ಆಕ್ಷೇಪಕ್ಕೂ ಬರಹದಲ್ಲಿ ಉತ್ತರ ಕೊಡಿ, ಎದುರು ಮನೆಯವರು ಬೇಡವೇ ಬೇಡ ಅಂದ್ರೆ ಪಕ್ಕದ ಕಂಬ ನೋಡಿ, ಬೀದಿಯಲ್ಲಿ ಕಂಬಕ್ಕೇನು ಬರ ಇಲ್ಲ. ಆಮೇಲೆ ಲೈನ್‌ಮನ್‌ಗಳ ಸಹಿ ಇಲ್ಲದ ಡಿಸೈನ್‌ಗೆ ಟೆಂಡರ್ ಕರೀಬೇಡಿ.

ಇಂತಿ,
ಕಂಬದ ಮೇಲೆ ಸೋಲಾರ್ ಬರಲಿ ಅಂತ ಬಯಸೋ, ಬಿಲ್ ಕಟ್ಟೋ ಒಬ್ಬ ಗ್ರಾಹಕ